ಇಳಿಸಿದ ಭಾರದ ತೂಕ

"ಕೇಳಿರಪ್ಪೋ ಕೇಳಿ! ಕಲ್ಲುಗುಂಡಿ ದುರ್ಗದ ಒಡೆಯರಾದ ಬೊಮ್ಮರಸ ನಾಯಕರ ಅಪ್ಪಣೆ! ಮೂರು ಒಗಟು ಬಿಡಿಸಿದವರಿಗೆ ಬೇಡಿದ್ದು ಸಿಗುವುದು. ತಪ್ಪು ಹೇಳಿದವರ ತಲೆ ಸಂಜೆಗೆ ಕೋಟೆ ಬಾಗಿಲಲ್ಲಿ ಉರುಳುವುದು! ಮೊದಲ ಒಗಟು ಇದೇ: ಅಟ್ಟಿದರೆ ಓಡಿಹೋಗುತ್ತಾನೆ, ಮರಳಿ ಬರುವಾಗ ತಮ್ಮನನ್ನೂ ಕರೆತರುತ್ತಾನೆ. ಜೋರಾಗಿ ಅಟ್ಟಿದಷ್ಟೂ ಬೇಗ ಬರುತ್ತಾನೆ. ಯಾರವನು?"

ಮೇದಾರ ಕೇರಿಯಲ್ಲಿ ಬುಟ್ಟಿ ಹೆಣೆಯುತ್ತಿದ್ದ ಭರಮವ್ವ ಡಂಗುರದವನ ಒಗಟು ಕೇಳಿ ಗಟ್ಟಿಯಾಗಿ ನಕ್ಕಳು. ಬಿದಿರಿನ ಸೀಳು ಬದಿಗಿಟ್ಟು ಸೆರಗು ಬಿಗಿದಳು.

"ಎಲ್ಲಿಗೇ ಹೊರಟೆ?" ಎಂದಳು ನೆರೆಮನೆಯ ಕೆಂಚವ್ವ.

"ಅರಮನೆಗೆ."

"ತಲೆ ಕೊಡೋಕಾ?"

"ಹೋದರೆ ಹೋಗಲಿ. ಆದರೆ ಇನ್ನು ತಗ್ಗಿಸೋಕೆ ಆಗಲ್ಲ."

ಒಂದು ಕಾಲದಲ್ಲಿ ಭರಮವ್ವ ಹತ್ತಿದರೆ ಗಾಡಿಯ ಎತ್ತು ಮುಗ್ಗರಿಸುತ್ತಿತ್ತು. ಕೇರಿಯವರು 'ಭಾರವ್ವ' ಎಂದೇ ಕರೆಯುತ್ತಿದ್ದರು. ವರ್ಷಗಟ್ಟಲೆ ಹೆಣಗಿ ಅವಳು ಮೈ ಇಳಿಸಿಕೊಂಡಳು. ಆಗ ಅದೇ ಬಾಯಿಗಳು ಹೊಸ ರಾಗ ತೆಗೆದವು. ಒಬ್ಬರು ಮಾಟ ಎಂದರು, ಇನ್ನೊಬ್ಬರು ಕ್ಷಯ ಎಂದರು. 'ನೀನೇ ಮಾಡಿದೆ' ಎಂದವರು ಒಬ್ಬರೂ ಇಲ್ಲ. ಆ ಮಾತನ್ನು ತುಂಬಿದ ಸಭೆಯಲ್ಲಿ ಹೇಳಿಸಿಯೇ ತೀರಬೇಕು, ಅದಕ್ಕೆ ತಲೆಯನ್ನಾದರೂ ಒತ್ತೆ ಇಡಬೇಕು ಎಂದುಕೊಂಡೇ ಅವಳು ಕೋಟೆ ಮೆಟ್ಟಿಲು ಹತ್ತಿದಳು.

ದೊರೆಯನ್ನು ಕಂಡು ಅವಳಿಗೆ ತನ್ನ ಹಳೆಯ ಮೈ ನೆನಪಾಯಿತು. ಇಬ್ಬರು ಹಿಡಿದೆತ್ತದೆ ಅವರು ಏಳಲಾರರು. ಕುದುರೆ ಹತ್ತುವುದು ಬಿಟ್ಟು ಎಷ್ಟೋ ಕಾಲವಾಗಿತ್ತು. ಇದು ಊರೇ ಸೇರಿ ಮಾಡಿದ ತಪ್ಪು. ವರ್ಷಕ್ಕೊಮ್ಮೆ ದೊರೆಯನ್ನು ಬೆಲ್ಲದಲ್ಲಿ ತೂಗಿ ಆ ಬೆಲ್ಲವನ್ನು ಮನೆಮನೆಗೆ ಹಂಚುವುದು ದುರ್ಗದ ಪದ್ಧತಿ. ದೊರೆಯ ತೂಕ ಹೆಚ್ಚಿದಷ್ಟೂ ಬೆಲ್ಲ ಹೆಚ್ಚು. ಹಾಗಾಗಿ ದೊರೆ ಹೋದಲ್ಲೆಲ್ಲ ಜನ ಭಕ್ತಿಯಿಂದ ತುಪ್ಪ ಸುರಿದ ಹೋಳಿಗೆ ಹಿಡಿದು ನಿಲ್ಲುತ್ತಿದ್ದರು.

ಅವಳಿಗಿಂತ ಮುಂದೆ ನಿಂತಿದ್ದ ನೆರೆಸೀಮೆಯ ರಾಜಕುಮಾರ ಮೀಸೆ ತಿರುವಿ, "ಅವನು ಶತ್ರು ಪಾಳೆಗಾರ!" ಎಂದ.

ದೊರೆ ಅಲ್ಲವೆಂದು ತಲೆಯಾಡಿಸಿದರು. ಭಟರು ಅವನ ಕೈಕಟ್ಟಿ ಎಳೆದೊಯ್ದರು.

"ಅವನು ಉಪವಾಸಕ್ಕೆ ಹೆದರಿ ಓಡಿದ ಬೊಜ್ಜು, ಬುದ್ಧೀ," ಎಂದಳು ಭರಮವ್ವ. "ನಾನು ಬರೀ ಬೇವಿನ ಕಷಾಯ ಕುಡಿದು ಅಟ್ಟಿದೆ. ಓಡಿತು. ಬಾವಿಕಟ್ಟೆಯಲ್ಲಿ ತಲೆ ಸುತ್ತಿ ಬಿದ್ದೆ. ಎದ್ದು ಉಣ್ಣತೊಡಗಿದ ಮೇಲೆ ಮೊದಲಿಗಿಂತ ದಪ್ಪಗಾದೆ."

ದೊರೆ ಮುಂದಕ್ಕೆ ಬಾಗಿದರು. "ಎರಡನೆಯದು. ನನ್ನ ಮನೆಯಲ್ಲೊಂದು ನಾಯಿ ಇದೆ. ಅನ್ನ ಹಾಕಿದ ಮೇಲೇ ಬೊಗಳುತ್ತದೆ. ನಾನು ಅತ್ತರೂ ಅದಕ್ಕೆ ಅನ್ನ ಬೇಕು, ನನಗೆ ಬೇಸರವಾದರೂ ಅದಕ್ಕೆ ಅನ್ನ ಬೇಕು. ಎಷ್ಟು ಹಾಕಿದರೂ ತಣಿಯದು. ಯಾವ ನಾಯಿ?"

"ಬುಟ್ಟಿಯವಳಿಗೆ ಹೊಳೆದದ್ದು ನನಗೆ ಹೊಳೆಯದೇ?" ಎಂದು ಜವಳಿ ಸಾಹುಕಾರನ ಮಗ ನುಗ್ಗಿ ಬಂದ. "ಅದು ದುರಾಸೆ!"

ಭಟರು ಅವನನ್ನೂ ಕಟ್ಟಿ ರಾಜಕುಮಾರನ ಪಕ್ಕಕ್ಕೆ ಒಯ್ದರು. ಗಂಡ ಸತ್ತ ವರ್ಷ ಭರಮವ್ವನ ಕಣ್ಣ ಮುಂದೆ ಬಂತು. ಆಗ ದುಃಖ ಉಕ್ಕಿದಾಗಲೆಲ್ಲ ಕೈ ತಾನಾಗಿ ರೊಟ್ಟಿ ಬುಟ್ಟಿಗೆ ಹೋಗುತ್ತಿತ್ತು.

"ಅದು ಮನಸ್ಸಿನ ಹಸಿವು, ಬುದ್ಧೀ. ಹೊಟ್ಟೆಯದಲ್ಲ. ಅದನ್ನು ಹೊಡೆದರೆ ಕಚ್ಚುತ್ತೆ. ಏನಾಯ್ತಪ್ಪಾ ಅಂತ ಕೇಳಬೇಕು. ನಾನು ರೊಟ್ಟಿ ಮುರಿಯೋ ಮೊದಲು ಕೇಳಿಕೊಳ್ತಿದ್ದೆ. ಹಸಿವಾದರೆ ಉಣ್ತಿದ್ದೆ, ಅಳು ಬಂದಿದ್ದರೆ ಕೂತು ಅಳ್ತಿದ್ದೆ."

ದೊರೆಯ ಕಣ್ಣು ಒದ್ದೆಯಾಯಿತು. "ಕೊನೆಯದು. ಒಂದು ದಾರಿ ಇದೆ. ದಿನವೂ ನಡೆಯಬೇಕು, ನಡೆದರೂ ಊರು ಬರದು. ಊರು ಬಂತೆಂದು ಕುಳಿತವನೇ ದಾರಿ ತಪ್ಪಿದವನು. ಯಾವ ದಾರಿ?"

ಇಷ್ಟು ಹೊತ್ತು ಹಲ್ಲು ಕಡಿಯುತ್ತಿದ್ದ ರಾಜವೈದ್ಯ ತಡೆಯಲಾರದೆ, "ಮೋಕ್ಷದ ದಾರಿ!" ಎಂದುಬಿಟ್ಟ. ಸಭೆ ತಲೆದೂಗಿತು. ದೊರೆ ತೂಗಲಿಲ್ಲ. ವೈದ್ಯನ ಕೈಗೂ ಹಗ್ಗ ಬಿತ್ತು.

"ಮೋಕ್ಷ ನನಗೆ ಗೊತ್ತಿಲ್ಲ," ಎಂದಳು ಭರಮವ್ವ. "ಇದು ರೂಢಿಯ ದಾರಿ. ಮೈ ಇಳಿಯಿತು ಅಂತ ನಾನು ಒಮ್ಮೆ ಕೂತೆ. ಎಲ್ಲ ಮರಳಿ ಬಂತು. ಆಮೇಲೆ ತಿಳೀತು, ಇದಕ್ಕೆ ಹಬ್ಬದ ಹಾಗೆ ಮುಗಿಯೋ ದಿನ ಇಲ್ಲ. ಸಾಯೋವರೆಗೆ ಮಾಡಬಹುದಾದಷ್ಟನ್ನೇ ಹಿಡಿದೆ. ಒಂದು ರೊಟ್ಟಿ ಕಡಿಮೆ ಮಾಡಿದೆ, ಸೊಪ್ಪು ಹೆಚ್ಚು ಮಾಡಿದೆ, ಬಿದಿರು ತರೋಕೆ ಗಾಡಿ ಬಿಟ್ಟು ನಡೆದೆ. ಹೋಳಿಗೆನೂ ತಿಂತೀನಿ ಬುದ್ಧೀ, ಹಬ್ಬದ ದಿನ. ಮಾರನೆ ದಿನ ಮತ್ತೆ ದಾರಿಗೆ ಬರ್ತೀನಿ."

"ಮೂರೂ ಸರಿ!" ಎಂದರು ದೊರೆ. "ಇನ್ನು ನಾನು ನಿನ್ನ ದಾರಿಯಲ್ಲೇ ನಡೆಯುತ್ತೇನೆ."

ಮಂತ್ರಿ ಗಾಬರಿಯಾದ. "ಪ್ರಭು, ತಾವು ಇಳಿದರೆ ಪ್ರಜೆಗಳ ಬೆಲ್ಲ ಇಳಿಯುತ್ತದೆ! ಇವಳು ಮಾಟ ತಗುಲಿ ಬಡಕಲಾದವಳು. ಇವಳ ಮಾತು ಕಟ್ಟಿಕೊಂಡು..."

"ಬೆಲ್ಲ ಯಾಕೆ ಇಳೀಬೇಕು?" ಭರಮವ್ವನ ದನಿ ಏರಿತು. "ದೊರೆ ಎಷ್ಟು ಇಳಿದರೋ ಅಷ್ಟು ತೂಕದ ಕಲ್ಲನ್ನು ಅವರ ಪಕ್ಕ ತಕ್ಕಡಿಗೆ ಇಡಿ."

"ಕಲ್ಲಿಗೆ ಬೆಲ್ಲ ತೂಗೋದೇ?" ಎಂದ ಮಂತ್ರಿ.

"ಅದು ಬರೀ ಕಲ್ಲಲ್ಲ ಸ್ವಾಮಿ, ದೊರೆ ಗೆದ್ದ ಭಾರ."

ಸಭೆಯಲ್ಲಿ ಗುಜುಗುಜು ಎದ್ದಿತು, ಆಮೇಲೆ ನಗು. ದೊರೆ ಕೈ ಎತ್ತಿದರು. "ಹಾಗೇ ಆಗಲಿ. ಈಗ ಬೇಡು ತಾಯೀ. ಊರು ಬೇಕೋ? ಹೊನ್ನು ಬೇಕೋ?"

"ಮೊದಲು ಆ ಮೂವರನ್ನು ಬಿಡಿ. ನಾನು ಎಷ್ಟು ಸಲ ತಪ್ಪಿದೆನೋ! ತಪ್ಪಿದಾಗೆಲ್ಲ ತಲೆ ಹೋಗಿದ್ದರೆ ಇವತ್ತು ಇಲ್ಲಿ ನಿಲ್ತಿರಲಿಲ್ಲ."

ಹಗ್ಗ ಬಿಚ್ಚಿದರು.

"ಇನ್ನು ನನ್ನ ಪಾಲಿನದು. ಅಡುಗೆಮನೆಯ ದೊಡ್ಡ ರುಬ್ಬುಗುಂಡು ತರಿಸಿ. ನಾನು ಇಳಿಸಿದ್ದು ಹೆಚ್ಚುಕಡಿಮೆ ಅಷ್ಟು. ಮಾಟ ಅಂದರಲ್ಲ ಮಂತ್ರಿಗಳು, ಅವರು ಅದನ್ನು ಹೊತ್ತು ಕೋಟೆ ಮೆಟ್ಟಿಲು ಹತ್ತಲಿ."

ದೊರೆಯ ಮಾತು ಮೀರುವಂತಿಲ್ಲ. ಗುಂಡನ್ನು ಕೋಟೆ ಮೆಟ್ಟಿಲ ಬುಡಕ್ಕೆ ತಂದಿಟ್ಟರು, ಮಂತ್ರಿ ಅದನ್ನು ಎದೆಗಪ್ಪಿ ಹತ್ತತೊಡಗಿದ. ಸಭೆಯ ಜೊತೆಗೆ ಊರೆಲ್ಲ ನೋಡುತ್ತಿತ್ತು. ಅರ್ಧ ದಾರಿಗೆ ಮೊಣಕಾಲು ನಡುಗಿತು, ಪೇಟ ಜಾರಿತು. ಗುಂಡು ಕೆಳಗಿಟ್ಟು ಅವನು ಏದುಸಿರು ಬಿಡುತ್ತ, ಪಕ್ಕದಲ್ಲೇ ಹತ್ತಿ ಬರುತ್ತಿದ್ದ ಭರಮವ್ವನತ್ತ ನೋಡಿದ. ಆ ನೋಟದಲ್ಲಿ ಕುಹಕವಿರಲಿಲ್ಲ.

"ಇದನ್ನು ಹೊತ್ತೇ ಬದುಕಿದ್ದೆಯಾ, ತಾಯೀ?"

"ಹೂಂ. ನಿದ್ದೆಯಲ್ಲೂ ಇಳಿಸೋಕೆ ಆಗ್ತಿರಲಿಲ್ಲ."

"ಇದನ್ನು ಇಳಿಸಿದ್ದು ಮಾಟವಲ್ಲ," ಮಂತ್ರಿ ಕೈಮುಗಿದ. "ನೀನೇ ಮಾಡಿದೆ."

ಭರಮವ್ವ ಬಗ್ಗಿ ಗುಂಡನ್ನು ಎತ್ತಿ ಸೊಂಟಕ್ಕಿಟ್ಟುಕೊಂಡಳು.

"ಹೌದು, ನಾನೇ," ಎಂದು ಉಳಿದ ಮೆಟ್ಟಿಲು ಹತ್ತಿದಳು.