ಎಲ್ಲರೂ ಎದ್ದು ನಿಂತ ಪೋಷಕರ ಸಭೆ

ಅರ್ಧವಾರ್ಷಿಕ ಪರೀಕ್ಷೆ ಮುಗಿದು ನಮ್ಮ ಹೈಸ್ಕೂಲಲ್ಲಿ ಪೋಷಕರ ಸಭೆ ಕರೆದಿದ್ದರು. ಹೆಡ್‌ಮಾಸ್ಟರ್ ಪುಟ್ಟಸ್ವಾಮಯ್ಯನವರು ಕುರ್ಚಿ ಬಿಟ್ಟೇಳದೆ, ಮೈಕ್ ಹಿಡಿದು, ಈ ವರ್ಷ ನೂರಕ್ಕೆ ನೂರು ರಿಸಲ್ಟ್ ಬೇಕೆಂದು ಗುಡುಗಿದರು. ಆಮೇಲೆ ಬೆಂಚುಗಳತ್ತ ಬೆರಳು ತೋರಿಸಿದರು.

"ಯಾರ ಮಕ್ಕಳು ಫೇಲಾಗಿದಾರೋ, ಆ ತಂದೆತಾಯಿಗಳು ಎದ್ದು ನಿಲ್ಲಿ. ಊರೆಲ್ಲ ನೋಡಲಿ. ಆಗಲೇ ನಿಮಗೆ ಬುದ್ಧಿ ಬರೋದು!"

ಮುಂದಿನ ಬೆಂಚಿನ ಶಾಕಿರಾಬಿ ಕೈಚೀಲವನ್ನು ಎದೆಗೆ ಅವುಚಿಕೊಂಡಳು. ಫೇಲಾಗಿದ್ದ ಅವಳ ಮಗಳು ಹೊರಗೆ ಕಿಟಕಿಯ ಸರಳು ಹಿಡಿದು ಅಮ್ಮನನ್ನೇ ನೋಡುತ್ತಿದ್ದಳು. ಎದ್ದರೆ ಮಾನ ಹೋಗುತ್ತದೆ. ಏಳದಿದ್ದರೆ ಇನ್ನೇನು ಕಾದಿದೆಯೋ.

"ಏಳ್ತೀರೋ, ಹೆಸರು ಹಿಡಿದು ಕೂಗಲೋ?"

ಶಾಕಿರಾಬಿ ಬೆಂಚಿಗೆ ಕೈಯೂರಿ ಏಳುವಷ್ಟರಲ್ಲಿ, ಮೈಕ್ ಸೆಟ್ಟಿನ ಪಕ್ಕದಲ್ಲಿದ್ದ ಅಟೆಂಡರ್ ಒಂದು ಗುಂಡಿ ಒತ್ತಿದ. ರಾಷ್ಟ್ರಗೀತೆ ಶುರುವಾಯಿತು.

ಇಡೀ ಸಭೆ ದಡಕ್ಕನೆ ಎದ್ದು ನಿಂತಿತು. ಪಾಸಾದವರ ಅಪ್ಪಂದಿರು, ಫೇಲಾದವರ ಅಮ್ಮಂದಿರು, ಮೇಷ್ಟ್ರುಗಳು, ಎಲ್ಲರೂ. ಹೆಡ್‌ಮಾಸ್ಟರೂ ಕುರ್ಚಿ ಬಿಟ್ಟೆದ್ದು ನೆಟ್ಟಗೆ ನಿಂತರು. ಮುಖ ಕೆಂಡದಂತಾಗಿತ್ತು, ಆದರೆ ಬಾಯಿ ಬಿಡುವಂತಿರಲಿಲ್ಲ. ನಮ್ಮಲ್ಲಿ ರಾಷ್ಟ್ರಗೀತೆ ಆಯಿತೆಂದರೆ ಸಭೆಯೂ ಮುಗಿಯಿತು. ಹಾಡು ನಿಂತದ್ದೇ ತಡ, ಜನ ಚಪ್ಪಲಿ ಹುಡುಕಿಕೊಂಡು ಹೊರಟೇಬಿಟ್ಟರು. ಶಾಕಿರಾಬಿ ಮಗಳ ಕೈ ಹಿಡಿದು ಎಲ್ಲರಿಗಿಂತ ಮೊದಲು ಗೇಟು ದಾಟಿದಳು.

"ಯಾರೋ ನಿನಗೆ ಅದನ್ನ ಹಾಕು ಅಂದಿದ್ದು?" ಹೆಡ್‌ಮಾಸ್ಟರ್ ಅಬ್ಬರಿಸಿದರು.

ಅಟೆಂಡರ್ ವೈರು ಸುತ್ತುತ್ತಲೇ ಹೇಳಿದ: "ಪಾಪ, ಒಬ್ಬೊಬ್ಬರೇ ನಿಲ್ಲೋಕೆ ಹೆದರ್ಕೊಂಡಿದ್ರು ಸಾರ್. ನೀವೂ ಜೊತೆಗೆ ನಿಂತ್ರಲ್ಲ, ಅವರಿಗೆ ಧೈರ್ಯ ಬಂತು."