ಮೂರು ಕುಟುಕಿನ ಎಚ್ಚರಿಕೆ

ಪುದುಚೇರಿಯಿಂದ ಬಂದ ಗಿಳಿಗೆ ಫ್ರೆಂಚ್ ಬಿಟ್ಟರೆ ಬೇರೆ ಭಾಷೆ ಬಾರದು. ಅದರ ಬಳಿ ಪಾಠಕ್ಕೆ ಸೇರಿದ ಮರಕುಟಿಗ ಪ್ರತಿ ಪದವನ್ನೂ ಉಚ್ಚಾರಕ್ಕೆ ತಕ್ಕಂತೆ ತುಂಡು ಮಾಡಿ, ತುಂಡಿಗೊಮ್ಮೆ ಕೊಂಬೆ ಕುಟುಕಿ ಕಲಿಯುತ್ತಿತ್ತು. ಬರೆದರೂ ಉಚ್ಚರಿಸಬಾರದ ಅಕ್ಷರಗಳನ್ನು ಅದು ಒಮ್ಮೆಯೂ ಉಚ್ಚರಿಸಿದ್ದಿಲ್ಲ. ಆ ಜಂಬ ಬೇರೆ.

ಒಂದು ದಿನ ಗಿಳಿಯ ಬೆನ್ನ ಹಿಂದೆ ಬೆಕ್ಕು ಹೊಂಚು ಹಾಕಿದ್ದು ಮರಕುಟಿಗನ ಕಣ್ಣಿಗೆ ಬಿತ್ತು. ಎಚ್ಚರಿಸಲು ಫ್ರೆಂಚಿನಲ್ಲಿ ‘ಅತಾಂಸ್ಯೋಂ’ ಎನ್ನಬೇಕು.

“ಅ,” ಎಂದು ಕುಟುಕಿತು. ಬೆಕ್ಕು ಮೈ ಬಾಗಿಸಿತು.

“ತಾಂ,” ಎಂದು ಕುಟುಕಿತು. ಬೆಕ್ಕು ನೆಗೆಯಿತು.

“ಸ್ಯೋಂ!”

ಗಿಳಿ ತನ್ನ ಬಾಲವನ್ನು ಬೆಕ್ಕಿನ ಬಾಯಲ್ಲೇ ಬಿಟ್ಟು ಮೇಲಿನ ಕೊಂಬೆಗೆ ಹಾರಿತು.

“ಗುರುಗಳೇ, ನನ್ನ ಉಚ್ಚಾರ ಸರಿಯಿತ್ತೇ?” ಎಂದು ಮರಕುಟಿಗ ಕೇಳಿತು.

“ಒಂದಿಷ್ಟೂ ತಪ್ಪಿಲ್ಲ,” ಎಂದಿತು ಗಿಳಿ. “ಆದರೆ ನಿನ್ನ ಪದ ಮೂರು ತುಂಡಾಗುವಷ್ಟರಲ್ಲಿ ನಾನು ಎರಡು ತುಂಡಾದೆ.”