ಪಾಲಿಗೆ ಕೊಟ್ಟ ಹೇಂಟೆ

"ಗುರುಗಳೇ, ಕಲಿಯದವನನ್ನು ಎಷ್ಟು ದಿನ ಕಾಯಬೇಕು?" ಎಂದು ಶಿಷ್ಯ ಕೇಳಿದ. "ತಾವು ನನಗೆ ಒಪ್ಪಿಸಿದ ಬೊಮ್ಮಣ್ಣನಿಗೆ ಒಂದು ಪದವನ್ನೂ ಹಾಡಲು ಬರಲಿಲ್ಲ. ಬೆಳಿಗ್ಗೆ ಅವನನ್ನು ಕಳಿಸಿಬಿಟ್ಟೆ."

"ಊರು ಕೊಳ್ಳೆ ಹೋದ ಮೇಲೆ ಕೋಟೆ ಬಾಗಿಲು ಹಾಕುವವನು ನೀನು. ಇರಲಿ, ಕೇಳು," ಎಂದರು ಗುರುಗಳು.

ಒಬ್ಬ ವಿಧವೆಗೆ ಒಂದೇ ಒಂದು ಹೇಂಟೆಯಿತ್ತು. ಅವಳು ಕೂಲಿಗೆ ಹೋದರೆ ಅದನ್ನು ನೋಡಿಕೊಳ್ಳುವವರಿರಲಿಲ್ಲ. ಹಾಗಾಗಿ ಒಬ್ಬ ರೈತನಿಗೆ ಪಾಲಿಗೆ ಕೊಟ್ಟಳು. ಸಾಕುವುದು ಅವನು, ಎದ್ದ ಮರಿಗಳಲ್ಲಿ ಇಬ್ಬರಿಗೂ ಅರ್ಧರ್ಧ. ಆ ಮರಿಗಳಿಂದ ತನ್ನ ಅಂಗಳ ತುಂಬುತ್ತದೆ ಎಂದು ಅವಳು ಆಸೆಪಟ್ಟಿದ್ದಳು.

ಮಾರ್ಗಶಿರ ಬಂತು, ಹಗಲು ಸಣ್ಣದಾಯಿತು. ಹೇಂಟೆ ಮೊಟ್ಟೆಯಿಡುವುದನ್ನು ನಿಲ್ಲಿಸಿತು. ಕಾಳು ಮಾತ್ರ ತಪ್ಪದೆ ತಿನ್ನುತ್ತಿತ್ತು. ರೈತ ಗೊಣಗಿದ.

"ಕೋಳಿ ಹೊತ್ತು ನೋಡ್ಕೊಂಡು ಮೊಟ್ಟೆ ಇಡೋದು," ಎಂದಳು ಹೆಂಡತಿ. "ಹಗಲು ಉದ್ದ ಆಗ್ಲಿ, ತಾನೇ ಇಡ್ತದೆ."

ರೈತ ಸಂಕ್ರಾಂತಿಯವರೆಗೆ ಕಾದ. ಹಬ್ಬ ಕಳೆದು ಕೆಲವು ದಿನವಾದರೂ ಗೂಡು ಬರಿದೇ ಇತ್ತು. ಬತ್ತಿದ ಕೋಳಿ ಎಂದು ಕೊಯ್ದುಬಿಟ್ಟ. ಹೊಟ್ಟೆ ಸೀಳಿದರೆ ಒಳಗೆ ಬೆಳೆಯುತ್ತಿದ್ದ ಮೊಟ್ಟೆಗಳ ಹಳದಿ ಗೊಂಚಲು: ಸಾಸಿವೆಯಷ್ಟು, ಕಡಲೆಯಷ್ಟು, ಆಗಲೇ ನೆಲ್ಲಿಕಾಯಿಯಷ್ಟು ಬೆಳೆದದ್ದೂ ಒಂದು. ಹಗಲು ಉದ್ದವಾಗತೊಡಗಿದ್ದು ಹೇಂಟೆಗೆ ತಿಳಿದಿತ್ತು, ಅವನಿಗೆ ತಿಳಿದಿರಲಿಲ್ಲ. ಅವನು ಕತ್ತಿ ಕೆಳಗಿಟ್ಟ. ಆದರೆ ಕೊಯ್ದ ಕುತ್ತಿಗೆ ಕೂಡುತ್ತದೆಯೇ?

ಅವನು ಮೋಸಗಾರನಲ್ಲ, ಪಾಪ. ಸಾರು ಮಾಡಿಸಿ, ಸರಿಯಾಗಿ ಅರ್ಧ ಬಟ್ಟಲಿಗೆ ಬಗ್ಗಿಸಿ ವಿಧವೆಯ ಮನೆಗೆ ಒಯ್ದ.

"ನಿನ್ನ ಪಾಲು, ತಗೋಳಮ್ಮ," ಎಂದ.

ಅವಳು ಬಟ್ಟಲಿನ ಮುಚ್ಚಳ ತೆಗೆದಳು. ಸಾರಿನಲ್ಲಿ ಹಳದಿ ಉಂಡೆಗಳು ತೇಲುತ್ತಿದ್ದವು.

"ಇನ್ನು ನಾಕು ದಿನ ಇಟ್ಕೊಂಡಿದ್ರೆ ಆಗ್ತಿರಲಿಲ್ವೇನಪ್ಪ?" ಎಂದಳು. ಬೈಯಲಿಲ್ಲ. ಬೈದಿದ್ದರೆ ಅವನಿಗೆ ಎಷ್ಟೋ ಹಗುರಾಗುತ್ತಿತ್ತು.

ಗುರುಗಳು ಕತೆ ನಿಲ್ಲಿಸಿದರು. ಶಿಷ್ಯ ತಲೆ ತಗ್ಗಿಸಿ, "ಈಗಲೇ ಹೋಗಿ ಕರೆದುಕೊಂಡು ಬರುತ್ತೇನೆ," ಎಂದು ಎದ್ದ.

"ಅವನು ಯಾವ ದಾರಿ ಹಿಡಿದ ಎಂದಾದರೂ ನೋಡಿದೆಯಾ?" ಎಂದರು ಗುರುಗಳು.

ಶಿಷ್ಯ ನೋಡಿರಲಿಲ್ಲ.